ಗಾಡಿ ಎತ್ತರಿಸಿ ದೊಡ್ಡ ಟೈರು ಹಾಕುವ ಮುನ್ನ: ಸಸ್ಪೆನ್ಷನ್ ಮೇಲೆ ಬೀಳುವ ಹೊರೆಯ ಲೆಕ್ಕ

ಪಾಂಡವಪುರದ ಹತ್ತಿರ ನನ್ನ ಭಾಮೈದನ ಕಬ್ಬಿನ ಗದ್ದೆ ಇದೆ. ಕಟಾವಿನ ಕಾಲದಲ್ಲಿ ಆ ದಾರಿಯನ್ನು ನೋಡಬೇಕು. ಲೋಡು ತುಂಬಿದ ಟ್ರ್ಯಾಕ್ಟರ್‌ಗಳು ಓಡಾಡಿ ಎರಡೂ ಕಡೆ ಗೇಣುದ್ದ ಜಾಡು ಬಿದ್ದಿರುತ್ತದೆ, ನಡುವೆ ಮಣ್ಣಿನ ದಿಣ್ಣೆ ಗಟ್ಟಿಯಾಗಿ ನಿಂತಿರುತ್ತದೆ. ನನ್ನ ಮಾರುತಿ ಜಿಮ್ನಿ ಗಾಡಿಗೆ ಎರಡು ಇಂಚು ಎತ್ತರದ ಸ್ಪ್ರಿಂಗ್ ಹಾಕಿಸಿ ಮೊದಲ ಸಲ ಅಲ್ಲಿಗೆ ಹೋದಾಗ ಹಿಂದಿನ ಹೌಸಿಂಗ್ (ಆಕ್ಸಲ್‌ನಲ್ಲಿ ಗೇರುಗಳಿರುವ ಉಬ್ಬಿದ ಭಾಗ) ಮೊದಲಿನ ಹಾಗೇ ದಿಣ್ಣೆಗೆ ಉಜ್ಜಿತು. "ಭಾವ, ಎತ್ತರ ಮಾಡ್ಸಿವ್ನಿ ಅಂದ್ರಲ್ಲ, ಅಡೀಲಿ ಇನ್ನೂ ಉಜ್ತಾ ಅದೆ?" ಅಂತ ಅವನು ಕೇಳಿದ. ಅವನ ಪ್ರಶ್ನೆ ಸರಿಯಾಗಿತ್ತು. ಈ ಲೇಖನ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಜಿಮ್ನಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಅಂದರೆ ಎಡ ಚಕ್ರದಿಂದ ಬಲ ಚಕ್ರದವರೆಗೆ ಒಂದೇ ಕೊಳವೆ, ಅದರಲ್ಲೇ ಹೌಸಿಂಗ್. ಆ ಕೊಳವೆ ಚಕ್ರಕ್ಕೆ ಕಚ್ಚಿಕೊಂಡಿದೆ. ಸ್ಪ್ರಿಂಗ್ ಇರುವುದು ಅದರ ಮೇಲೆ. ಸ್ಪ್ರಿಂಗ್ ಉದ್ದ ಮಾಡಿದರೆ ಬಾಡಿ ಮೇಲೇಳುತ್ತದೆ, ಹೌಸಿಂಗ್ ಇದ್ದಲ್ಲೇ ಇರುತ್ತದೆ. ಹೌಸಿಂಗ್ ನೆಲದಿಂದ ದೂರ ಹೋಗಬೇಕು ಅಂದರೆ ಟೈರೇ ದೊಡ್ಡದಾಗಬೇಕು. ಇಷ್ಟು ಗೊತ್ತಿಲ್ಲದೆ ದುಡ್ಡು ಹಾಕುವವರು ಬಹಳ ಜನ ಇದ್ದಾರೆ.

ಮೊದಲು ನೋಡಬೇಕಾದದ್ದು: ತಗಲುತ್ತಿರುವುದು ಯಾವುದು

ಯಾವ ಅಂಗಡಿಗೂ ಹೋಗುವ ಮುಂಚೆ ಗಾಡಿ ಕೆಳಗೆ ಮಲಗಿ ಉಜ್ಜಿದ ಗುರುತು ಹುಡುಕಿ. ಟಾರ್ಚ್ ಬೇಕು, ಒಂದು ಹಳೇ ಗೋಣಿಚೀಲ ಬೇಕು, ಅಷ್ಟೇ. ಹೌಸಿಂಗ್ ಮೇಲೆ ಗೀರು ಇದ್ದರೆ ನಿಮಗೆ ಬೇಕಾದದ್ದು ಟೈರು. ಬಾಗಿಲ ಕೆಳಗಿನ ಅಂಚು, ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಬಲವನ್ನು ಹಿಂದಿನ ಮುಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಅಡಿ, ಇಂಧನ ಟ್ಯಾಂಕ್ ಗಾರ್ಡ್ ಇವಕ್ಕೆ ಪೆಟ್ಟು ಬಿದ್ದಿದ್ದರೆ ಆಗ ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್ ಶಾಕ್‌ಗಳ ಏರ್ಪಾಡು, ಎತ್ತುವುದರಿಂದ ಉಪಯೋಗ ಇದೆ. ಬಂಪರ್ ಮಾತ್ರ ತಗಲುತ್ತಿದ್ದರೆ ಕೆಲವೊಮ್ಮೆ ಬಂಪರ್ ಬದಲಾಯಿಸಿದರೇ ಸಾಕು. ಸಸ್ಪೆನ್ಷನ್ ಮುಟ್ಟಬೇಕಾಗಿಲ್ಲ.

ಇನ್ನೊಂದು ಮಾತು. ದಿನಾ ಓಡಾಡುವ ಒಂದೇ ದಾರಿ ತೊಂದರೆ ಕೊಡುತ್ತಿದ್ದರೆ ಆ ದಾರಿಯನ್ನೇ ಸರಿ ಮಾಡಲು ಆಗುತ್ತದಾ ನೋಡಿ. ಕಡೆಗೆ ನಾವು ಮಾಡಿದ್ದೂ ಅದನ್ನೇ. ಅಕ್ಕಪಕ್ಕದ ಗದ್ದೆಯವರೆಲ್ಲ ಸೇರಿ ಜೆಸಿಬಿ ಕರೆಸಿ ನಡುವಿನ ದಿಣ್ಣೆ ಕೆತ್ತಿಸಿ ಜಾಡಿಗೆ ಗರಸು ಹಾಕಿಸಿದೆವು. ಅದರಿಂದ ಕಬ್ಬಿನ ಟ್ರ್ಯಾಕ್ಟರ್‌ಗಳಿಗೂ ಅನುಕೂಲ ಆಯಿತು.

ಅಳತೆ ಬರೆದಿಟ್ಟುಕೊಳ್ಳಿ

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ ಇರಲಿ. ಚಕ್ರದ ನಡುಮಧ್ಯದಿಂದ ಮೇಲೆ ಫೆಂಡರ್ ಅಂಚಿನವರೆಗೆ ಟೇಪು ಹಿಡಿದು ನಾಲ್ಕು ಕಡೆಯೂ ಅಳೆಯಿರಿ. ನೆಲದಿಂದ ಅಳೆಯಬೇಡಿ, ಯಾಕೆಂದರೆ ಟೈರು ಬದಲಾದ ಮೇಲೆ ಆ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಹಳೇ ಗಾಡಿಯಾದರೆ ಒಂದು ಕಡೆ ಆಗಲೇ ಕೂತುಬಿಟ್ಟಿರುತ್ತದೆ, ಅದು ಈ ಅಳತೆಯಲ್ಲೇ ಗೊತ್ತಾಗುತ್ತದೆ. ಕೂತ ಸ್ಪ್ರಿಂಗ್ ಬದಲಿಗೆ ಕಂಪನಿಯ ಹೊಸ ಸ್ಪ್ರಿಂಗ್ ಹಾಕಿದರೆ ಎಷ್ಟೋ ಸಲ ಕಳೆದುಹೋದ ಎತ್ತರ ಹಾಗೇ ವಾಪಸ್ ಬರುತ್ತದೆ.

ಆಮೇಲೆ ಚಾಸಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಇಟ್ಟು ಚಕ್ರ ಪೂರ್ತಿ ಕೆಳಗೆ ಜೋತುಬೀಳಲು ಬಿಡಿ. ಬರೀ ಜಾಕ್ ನಂಬಿ ಯಾವತ್ತೂ ಗಾಡಿ ಕೆಳಗೆ ಹೋಗಬೇಡಿ. ಜೋತುಬಿದ್ದಾಗ ಶಾಕ್ ಅಬ್ಸಾರ್ಬರ್ ಎಷ್ಟು ಉದ್ದ ಆಯಿತು, ಬ್ರೇಕ್ ಹೋಸ್ ಎಷ್ಟು ಸಡಿಲ ಉಳಿದಿದೆ, ಎಬಿಎಸ್ ವೈರ್ ಎಳೆಯುತ್ತಿದೆಯಾ, ಎಲ್ಲ ಫೋನಿನಲ್ಲಿ ಫೋಟೋ ತೆಗೆದಿಡಿ. ಎತ್ತಿಸಿದ ಮೇಲೆ ಇದೇ ಫೋಟೋ ಪಕ್ಕದಲ್ಲಿ ಇಟ್ಟುಕೊಂಡು ಹೋಲಿಸಬೇಕು.

ಟೈರಿನ ಲೆಕ್ಕ

ಟೈರಿನ ಮೇಲೆ 195/80 ಆರ್ 15 ಅಂತ ಬರೆದಿರುತ್ತದೆ. ಜಿಮ್ನಿಗೆ ಕಂಪನಿಯಿಂದ ಬರುವುದು ಇದೇ. 195 ಅಂದರೆ ಅಗಲ, ಮಿಲಿಮೀಟರ್‌ನಲ್ಲಿ. 80 ಅಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 80. 15 ಅಂದರೆ ರಿಮ್ಮು, ಇಂಚಿನಲ್ಲಿ. 195ರ ಶೇಕಡಾ 80 ಅಂದರೆ 156. ಮೇಲೊಂದು ಕೆಳಗೊಂದು ಗೋಡೆ, 312. ರಿಮ್ಮು 381. ಒಟ್ಟು 693 ಮಿಲಿಮೀಟರ್ ಎತ್ತರದ ಟೈರು.

ಈಗ 235/75 ಆರ್ 15 ಹಾಕುತ್ತೀರಿ ಅಂದುಕೊಳ್ಳಿ. ಅದೇ ಲೆಕ್ಕದಲ್ಲಿ ಸುಮಾರು 733 ಬರುತ್ತದೆ. 40 ಮಿಲಿಮೀಟರ್ ಜಾಸ್ತಿ. ಆದರೆ ಹೌಸಿಂಗ್ ಮೇಲೇಳುವುದು ಅದರ ಅರ್ಧ, 20 ಮಿಲಿಮೀಟರ್ ಮಾತ್ರ. ಚಕ್ರದ ನಡುವಿನಿಂದ ಕೆಳಕ್ಕೆ ಇರುವುದು ಅರ್ಧ ಟೈರೇ ಅಲ್ವಾ. 215/75 ಆರ್ 15 ಹಾಕಿದರೆ ಬರೀ 5 ಮಿಲಿಮೀಟರ್. ಆ 5 ಮಿಲಿಮೀಟರ್‌ಗೆ ಎತ್ತರದ ಆಸೆ ಇಟ್ಟುಕೊಳ್ಳಬೇಡಿ. ಅಗಲ ಮತ್ತು ಹಿಡಿತ ಬೇಕಿದ್ದರೆ ಮಾತ್ರ ಅದನ್ನು ತೆಗೆದುಕೊಳ್ಳಿ.

ಈ 20 ಮಿಲಿಮೀಟರ್‌ಗೆ ಗಾಡಿ ಏನು ಬೆಲೆ ಕೊಡುತ್ತದೆ? ಟೈರಿನ ಎತ್ತರ ಹತ್ತಿರ ಹತ್ತಿರ ಶೇಕಡಾ 6 ಹೆಚ್ಚಾಯಿತು. ಮೀಟರ್ 60 ತೋರಿಸುವಾಗ ಗಾಡಿ ಮೊದಲಿಗಿಂತ ಮೂರೂವರೆ ಕಿಲೋಮೀಟರ್ ಜಾಸ್ತಿ ವೇಗದಲ್ಲಿ ಹೋಗುತ್ತಿರುತ್ತದೆ. ಇಂಜಿನ್ ಎಳೆಯುವ ಬಲ ನೆಲಕ್ಕೆ ಅಷ್ಟೇ ಪಾಲು ಕಡಿಮೆ ಮುಟ್ಟುತ್ತದೆ. ಬ್ರೇಕ್ ಡಿಸ್ಕ್ ಹಳೆಯದೇ, ಅದು ನಿಲ್ಲಿಸಬೇಕಾದ ಚಕ್ರ ದೊಡ್ಡದು. ಉದ್ದ ಹಿಡಿ ಇರುವ ಪಾನಾ ಹಿಡಿದು ನಟ್ಟು ತಿರುಗಿಸಿದರೆ ಹೇಗೆ ಸುಲಭವಾಗಿ ಬಿಡುತ್ತದೋ, ಹಾಗೇ ದೊಡ್ಡ ಟೈರು ನೆಲದಿಂದ ಬರುವ ಪ್ರತಿ ಪೆಟ್ಟನ್ನೂ ಉದ್ದ ಹಿಡಿಯಂತೆ ಒಳಗಿನ ಬೇರಿಂಗ್, ಬಾಲ್ ಜಾಯಿಂಟ್ (ಎಲ್ಲ ಕಡೆಗೂ ಆಡುವ ಗುಂಡು ಕೀಲು), ಟೈ ರಾಡ್ (ಸ್ಟೀರಿಂಗ್ ಜೊತೆ ಚಕ್ರ ತಿರುಗಿಸುವ ರಾಡ್) ಮೇಲೆ ಹಾಕುತ್ತದೆ.

ತೂಕದ ಮಾತನ್ನು ಅಂಗಡಿಯವರು ಸಾಮಾನ್ಯವಾಗಿ ಎತ್ತುವುದೇ ಇಲ್ಲ. ನಾನು ಹಳೇ ಟೈರು, ಹೊಸ ಟೈರು ಎರಡನ್ನೂ ಭಾಮೈದನ ಆಲೆಮನೆಯಲ್ಲಿ ಬೆಲ್ಲ ತೂಗುವ ತಕ್ಕಡಿ ಮೇಲೆ ಇಟ್ಟು ನೋಡಿದೆ. ಒಂದೊಂದಕ್ಕೆ ಸುಮಾರು 5 ಕೆಜಿ ವ್ಯತ್ಯಾಸ ಬಂತು. ಈ 5 ಕೆಜಿಯನ್ನು ಡಿಕ್ಕಿಯಲ್ಲಿ ಇಟ್ಟರೆ ಗಾಡಿಗೆ ಗೊತ್ತೇ ಆಗುವುದಿಲ್ಲ. ಚಕ್ರಕ್ಕೆ ಕಟ್ಟಿದರೆ ಗೊತ್ತಾಗುತ್ತದೆ. ಡಿಕ್ಕಿಯ ತೂಕ ಸ್ಪ್ರಿಂಗ್ ಮೇಲೆ ಕೂತಿರುತ್ತದೆ, ಚಕ್ರದ ತೂಕ ಸ್ಪ್ರಿಂಗ್‌ನ ಕೆಳಗಿರುತ್ತದೆ. ಹಂಪಿನ ಮೇಲೆ ಹೋದಾಗ ಆ ಚಕ್ರ ಮೇಲೆ ಹಾರುತ್ತದೆ, ಹಾರಿದ್ದನ್ನು ತಡೆದು ಮತ್ತೆ ನೆಲಕ್ಕೆ ಒತ್ತಬೇಕಾದ ಕೆಲಸ ಶಾಕ್‌ದು. ಕಂಪನಿ ಶಾಕ್ ಅನ್ನು ಹಗುರ ಚಕ್ರಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಭಾರದ ಚಕ್ರ ಹಾಕಿ ಹಳೇ ಶಾಕ್ ಬಿಟ್ಟರೆ ಅದು ಬಿಸಿಯಾಗುತ್ತದೆ, ಎಣ್ಣೆ ಸೋರುತ್ತದೆ, ಗರಗಸದ ಹಲ್ಲಿನಂಥ ಮಣ್ಣು ರಸ್ತೆಯಲ್ಲಿ ಹಿಂದಿನ ಭಾಗ ಪಕ್ಕಕ್ಕೆ ಕುಣಿಯುತ್ತದೆ.

ಟೈರು ಹೊರಗೆ ಚಾಚಿಕೊಂಡು ಚೆನ್ನಾಗಿ ಕಾಣಲಿ ಅಂತ ಚಕ್ರಕ್ಕೂ ಹಬ್ಬಿಗೂ ನಡುವೆ ಸ್ಪೇಸರ್ ಹಾಕುವುದು, ಆಫ್‌ಸೆಟ್ ಕಡಿಮೆ ಇರುವ, ಅಂದರೆ ಚಕ್ರವನ್ನು ಹೊರಕ್ಕೆ ತಳ್ಳುವ ರಿಮ್ಮು ಹಾಕುವುದು ನಮ್ಮ ಕಡೆ ಜಾಸ್ತಿ. ದಯವಿಟ್ಟು ಬೇಡ. ಗಾಡಿಯ ಭಾರ ಬೇರಿಂಗ್‌ನ ನೆತ್ತಿಯಿಂದ ಹೊರಕ್ಕೆ ಸರಿದಷ್ಟೂ ಬೇರಿಂಗ್ ಒಂದು ಕಡೆಗೆ ಸವೆಯುತ್ತದೆ, ಗುಂಡಿಗೆ ಬಿದ್ದಾಗಲೆಲ್ಲ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ.

ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವ ಫೋರ್ ವೀಲ್ (4×4) ಗಾಡಿಯಲ್ಲಿ ನಾಲ್ಕೂ ಟೈರು ಒಂದೇ ಅಳತೆ ಇರಲೇಬೇಕು. ಹಿಂದೆ ದೊಡ್ಡದು ಮುಂದೆ ಚಿಕ್ಕದು ಹಾಕಿ 4×4 ಹಾಕಿದರೆ ಹಿಂದಿನದು ಮುಂದಿನದು ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ ಕೆಡುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದ್ದು ಬೇಕು. ಅದರ ತೂಕ ಹಿಂದಿನ ಬಾಗಿಲ ಕೀಲಿಗೆ ಬೀಳುತ್ತದೆ ಅನ್ನುವುದನ್ನೂ ಮರೆಯಬೇಡಿ.

ಸಸ್ಪೆನ್ಷನ್ ಎತ್ತಿದಾಗ ಒಳಗೆ ಏನಾಗುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಚಕ್ರ ಮೇಲೆ ಕೆಳಗೆ ಹೋಗಲು ಒಂದು ಮಿತಿ ಇರುತ್ತದೆ. ಲೆಕ್ಕಕ್ಕೆ ಸುಮ್ನೆ ಒಟ್ಟು 20 ಸೆಂಟಿಮೀಟರ್ ಅಂದುಕೊಳ್ಳೋಣ. ಗಾಡಿ ನಿಂತಾಗ ಮೇಲಕ್ಕೆ 10, ಕೆಳಕ್ಕೆ 10 ಉಳಿದಿದೆ. ಈಗ ಉದ್ದನೆ ಸ್ಪ್ರಿಂಗ್ ಹಾಕಿ 5 ಸೆಂಟಿಮೀಟರ್ ಎತ್ತಿದಿರಿ, ಶಾಕ್ ಮಾತ್ರ ಹಳೆಯದನ್ನೇ ಬಿಟ್ಟಿರಿ. ಈಗ ಕೆಳಕ್ಕೆ ಉಳಿದದ್ದು 5. ಒಂದು ಚಕ್ರ ಗುಂಡಿಗೆ ಇಳಿಯುತ್ತಲೇ ಶಾಕ್ ಪೂರ್ತಿ ಚಾಚಿ ಟಕ್ ಅಂತ ನಿಲ್ಲುತ್ತದೆ, ಆಮೇಲೆ ಇಡೀ ಆಕ್ಸಲ್ ತೂಕ ಆ ಶಾಕ್‌ನ ಎರಡು ಬೋಲ್ಟಿನಲ್ಲಿ ನೇತಾಡುತ್ತದೆ. ಶಾಕ್ ಇರುವುದು ಕುಲುಕಾಟ ತಡೆಯಲಿಕ್ಕೆ, ಆಕ್ಸಲ್ ಹೊರಲಿಕ್ಕಲ್ಲ. ಆದ್ದರಿಂದ ಸ್ಪ್ರಿಂಗ್ ಉದ್ದ ಆದರೆ ಶಾಕ್ ಕೂಡ ಉದ್ದ ಆಗಬೇಕು. ಉದ್ದನೆ ಶಾಕ್ ಮಡಚಿದಾಗಲೂ ಉದ್ದವೇ, ಅದು ಪೂರ್ತಿ ಮಡಚಿ ತಳ ಹೊಡೆಯುವ ಮುಂಚೆ ಗಾಡಿ ಬಂಪ್ ಸ್ಟಾಪ್ (ಚಕ್ರ ತೀರಾ ಮೇಲೆ ಬರದಂತೆ ತಡೆಯುವ ರಬ್ಬರ್ ತುಂಡು) ಮೇಲೆ ಕೂರಬೇಕು. ಹಾಗಾಗಿ ಬಂಪ್ ಸ್ಟಾಪ್ ಕೂಡ ಕೆಳಕ್ಕೆ ಇಳಿಸಬೇಕು. ದೊಡ್ಡ ಟೈರು ಫೆಂಡರ್ ಒಳಗೆ ಉಜ್ಜದ ಹಾಗೆ ಕಾಯುವುದೂ ಅದೇ ರಬ್ಬರ್ ತುಂಡು.

ಮಹೀಂದ್ರಾ ಥಾರ್ ತರಹ ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ಆಡುವ ಗಾಡಿಗಳಲ್ಲಿ ಕಥೆ ಬೇರೆ. 2020ರಿಂದ ಬರುತ್ತಿರುವ ಥಾರ್‌ನಲ್ಲಿ ಮುಂದೆ ಡಬಲ್ ವಿಶ್‌ಬೋನ್ ಇದೆ, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಅಲ್ಲಿ ಜನ ಶಾಕ್ ಮೇಲೆ ಒಂದು ಲೋಹದ ಸ್ಪೇಸರ್ ತುಂಡು ಇಡಿಸುತ್ತಾರೆ, ಅಗ್ಗ ಅಂತ. ಶಾಕ್ ತೋಳಿನ ತುದಿಯಲ್ಲಿ ಇಲ್ಲ, ಸ್ವಲ್ಪ ಒಳಗಿದೆ, ಅದಕ್ಕೆ ಒಂದು ಇಂಚಿನ ತುಂಡು ಇಟ್ಟರೆ ಗಾಡಿ ಒಂದು ಇಂಚಿಗಿಂತ ಜಾಸ್ತಿ ಏಳುತ್ತದೆ. ಚಕ್ರ ಜೋತುಬಿದ್ದಾಗ ಕಂಪನಿ ಲೆಕ್ಕಕ್ಕಿಂತ ಕೆಳಗೆ ಹೋಗುತ್ತದೆ. ಆಗ ನೋವು ತಿನ್ನುವುದು ಮೇಲಿನ ಬಾಲ್ ಜಾಯಿಂಟ್ ಮತ್ತು ಸಿವಿ ಜಾಯಿಂಟ್ (ಚಕ್ರ ತಿರುಗಿದರೂ ಏರಿಳಿದರೂ ಅದಕ್ಕೆ ಇಂಜಿನ್ ಬಲ ಮುಟ್ಟಿಸುವ ಕೀಲು). ಸಿವಿ ಜಾಯಿಂಟ್ ಸೊಟ್ಟ ಕೋನದಲ್ಲಿ ತಿರುಗುತ್ತಾ ಇದ್ದರೆ ಅದರ ರಬ್ಬರ್ ಬೂಟ್ ಮಡಿಕೆ ಮಡಿಕೆಗೆ ಉಜ್ಜಿ ಹರಿಯುತ್ತದೆ, ಗ್ರೀಸು ಹೊರಗೆ, ಕೆಸರು ಒಳಗೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟು ಗದ್ದೆ ದಾರಿಗಳೆಲ್ಲ ಕೆಸರಾದಾಗ ಒಂದೇ ದಿನ ಸಾಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಸದ್ದು ಬಂದರೆ ಜಾಯಿಂಟ್ ಹೋಗಿದೆ ಅಂತ ಅರ್ಥ.

ಜಿಮ್ನಿಯಂಥ ಗಾಡಿಯಲ್ಲಿ ಎರಡು ವಿಷಯ ನೋಡಿ. ಆಕ್ಸಲ್ ಅತ್ತಿತ್ತ ಸರಿಯದ ಹಾಗೆ ಅಡ್ಡಕ್ಕೆ ಒಂದು ರಾಡ್ ಇರುತ್ತದೆ, ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಗಾಡಿ ಎತ್ತಿದಾಗ ರಾಡ್ ಓರೆಯಾಗಿ ಇಡೀ ಆಕ್ಸಲ್ ಅನ್ನು ಪಕ್ಕಕ್ಕೆ ಎಳೆಯುತ್ತದೆ. ಹಿಂದೆ ನಿಂತು ನೋಡಿದರೆ ಒಂದು ಕಡೆ ಟೈರು ಹೊರಗೆ, ಇನ್ನೊಂದು ಕಡೆ ಒಳಗೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ಸರಿಯಾಗುತ್ತದೆ. ಎರಡನೆಯದು ಕ್ಯಾಸ್ಟರ್. ಸೈಕಲ್‌ನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವುದರಿಂದ ಕೈ ಬಿಟ್ಟರೂ ನೇರ ಹೋಗುತ್ತದಲ್ಲ, ಆ ವಾಲಿಕೆಯೇ ಕ್ಯಾಸ್ಟರ್. ಎತ್ತಿದಾಗ ಮುಂದಿನ ಆಕ್ಸಲ್ ತನ್ನ ತೋಳಿನ ಜೊತೆ ಸ್ವಲ್ಪ ಉರುಳಿ ಈ ವಾಲಿಕೆ ಕಡಿಮೆ ಆಗುತ್ತದೆ. ಆಗ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ವೇಗದಲ್ಲಿ ಗಾಡಿ ಅಲೆಯುತ್ತದೆ. ಎರಡು ಇಂಚು ಎತ್ತುವವರು ಕ್ಯಾಸ್ಟರ್ ಸರಿಮಾಡುವ ಬುಷ್ (ತೋಳಿನ ತುದಿಯಲ್ಲಿ ಕೂರುವ ರಬ್ಬರ್ ಬಳೆ) ಹಾಕಿಸಲೇಬೇಕು.

ಹಳೇ ಜಿಪ್ಸಿ, ಹಳೇ ಜೀಪುಗಳಲ್ಲಿ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಅಲ್ಲಿ ಉದ್ದನೆ ಶ್ಯಾಕಲ್ (ಪಟ್ಟಿಯ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಹಾಕುವುದು ವಾಡಿಕೆ. ಎರಡು ಇಂಚು ಉದ್ದದ ಶ್ಯಾಕಲ್ ಹಾಕಿದರೆ ಗಾಡಿ ಏಳುವುದು ಸುಮಾರು ಒಂದೇ ಇಂಚು, ಯಾಕೆಂದರೆ ಪಟ್ಟಿಯ ಒಂದು ತುದಿ ಮಾತ್ರ ಇಳಿಯುತ್ತದೆ, ಆಕ್ಸಲ್ ಇರುವುದು ನಡುವೆ. ಅದರ ಜೊತೆ ಆಕ್ಸಲ್ ತಿರುಚಿಕೊಂಡು ಕ್ಯಾಸ್ಟರ್, ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್‌ಗೆ ಇಂಜಿನ್ ಬಲ ಒಯ್ಯುವ ಉದ್ದನೆ ಕೊಳವೆ) ಕೋನ ಎರಡೂ ಬದಲಾಗುತ್ತವೆ. ಒಂದು ಪಟ್ಟಿ ಜಾಸ್ತಿ ಸೇರಿಸಿದರೆ ಎತ್ತರ ಬರುತ್ತದೆ, ಆದರೆ ಖಾಲಿ ಗಾಡಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಸ್ಪ್ರಿಂಗ್ ಬಾಗದಿದ್ದರೆ ಪೆಟ್ಟು ಎಲ್ಲಿಗೆ ಹೋಗಬೇಕು ಹೇಳಿ. ಚಾಸಿಯ ಬ್ರಾಕೆಟ್‌ಗೆ, ಬೆಸುಗೆಗೆ, ನಿಮ್ಮ ಸೊಂಟಕ್ಕೆ. ಇನ್ನು ಮುಂದಿನ ಆಕ್ಸಲ್ ಮತ್ತು ಪಟ್ಟಿ ನಡುವೆ ಲಿಫ್ಟ್ ಬ್ಲಾಕ್ ಇಡುವುದು ಯಾವ ಕಾರಣಕ್ಕೂ ಬೇಡ, ಬ್ರೇಕ್ ಹಿಡಿದಾಗ ಅದು ಜಾರಿದರೆ ಸ್ಟೀರಿಂಗೇ ಕೈತಪ್ಪುತ್ತದೆ.

ಕೂರಿಸುವಾಗ ಪಕ್ಕದಲ್ಲೇ ನಿಲ್ಲಿ

ನನ್ನ ಗಾಡಿಗೆ ಸ್ಪ್ರಿಂಗ್ ಹಾಕಿದ ಗ್ಯಾರೇಜಿನಲ್ಲಿ ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ತೋಳುಗಳ ಬೋಲ್ಟ್ ಬಿಗಿದರು. ಆರು ತಿಂಗಳಿಗೆ ಎರಡು ಬುಷ್ ಹರಿದವು. ಕಾರಣ ಹೀಗಿದೆ. ಈ ಬುಷ್ ಒಳಗೊಂದು ಕೊಳವೆ, ಹೊರಗೊಂದು ಕೊಳವೆ, ನಡುವೆ ಅಂಟಿಸಿದ ರಬ್ಬರ್. ಬೋಲ್ಟ್ ಬಿಗಿದಾಗ ಯಾವ ಕೋನದಲ್ಲಿ ಇರುತ್ತದೋ ಅದೇ ರಬ್ಬರ್‌ಗೆ ಆರಾಮದ ಕೋನ. ಜೋತಾಡುವಾಗ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ನಿಂತಾಗಲೂ, ರಾತ್ರಿ ಇಡೀ. ಬೋಲ್ಟ್‌ಗಳನ್ನು ಮೊದಲು ಕೈಬಿಗಿ ಮಾತ್ರ ಮಾಡಿಸಿ. ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ, ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಎರಡು ಸಲ ಅದುಮಿ ಕೂರಿಸಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ ಬಿಗಿಸಿ. ಮೆಕ್ಯಾನಿಕ್ ಆತುರ ಮಾಡಿದರೆ ವಿನಯವಾಗಿ ಆದರೆ ಗಟ್ಟಿಯಾಗಿ ಹೇಳಿ.

ಲೀಫ್ ಸ್ಪ್ರಿಂಗ್ ಗಾಡಿಯಾದರೆ ಯು-ಬೋಲ್ಟ್ ಹೊಸದೇ ಹಾಕಿಸಿ. ಒಮ್ಮೆ ಬಿಗಿದದ್ದು ಎಳೆದುಕೊಂಡಿರುತ್ತದೆ, ಮತ್ತೆ ಅದೇ ಹಿಡಿತ ಕೊಡುವುದಿಲ್ಲ.

ಕೆಲಸ ಮುಗಿದ ಮೇಲೆ ಮತ್ತೆ ಸ್ಟ್ಯಾಂಡ್ ಮೇಲೆ ಇಟ್ಟು ಚಕ್ರ ಜೋತುಬಿಡಿ, ಸ್ಟೀರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್ ನೋಡಿ. ಎಲ್ಲಾದರೂ ತಂತಿ ಹಾಗೆ ಬಿಗಿಯಾಗಿದ್ದರೆ ಉದ್ದನೆ ಹೋಸ್ ಹಾಕಿಸದೆ ಗಾಡಿ ಹೊರಗೆ ತೆಗೆಯಬೇಡಿ. ಬೇರೆ ಎಲ್ಲ ತಪ್ಪನ್ನೂ ಆಮೇಲೆ ಸರಿಮಾಡಬಹುದು, ಇದೊಂದನ್ನು ಬಿಟ್ಟು. ಆಮೇಲೆ ಅಲೈನ್‌ಮೆಂಟ್ ಮಾಡಿಸಿ, ಕ್ಯಾಸ್ಟರ್ ಸಂಖ್ಯೆ ಇರುವ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಹೆಡ್‌ಲೈಟ್ ಕೆಳಗೆ ಇಳಿಸಿ, ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ನೇರ ಹೊಡೆಯುತ್ತದೆ.

ಓಡಿಸಿ ನೋಡುವುದು

ಮೊದಲು ಖಾಲಿ ರಸ್ತೆಯಲ್ಲಿ 40ರಲ್ಲಿ ಬ್ರೇಕ್ ಹಾಕಿ ನೋಡಿ, ಒಂದು ಕಡೆಗೆ ಎಳೆಯುತ್ತದಾ ಅಂತ. ಆಮೇಲೆ ಮೈಸೂರು ರಿಂಗ್ ರಸ್ತೆಯಲ್ಲಿ 60, 70. ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ನೋಡಿಸಿ. ಸ್ಟೀರಿಂಗ್ ಸ್ಥಿರವಾಗಿದ್ದು ನೆಲ, ಸೀಟು ಗುಂಯ್ ಅಂದರೆ ಪ್ರೊಪೆಲ್ಲರ್ ಶಾಫ್ಟ್ ಕೋನದ ಕಡೆ ಅನುಮಾನ ಪಡಿ. ಒಂದು ಗುಂಡಿ ಹಾರಿದ ಮೇಲೆ ಇಡೀ ಮುಂಭಾಗ ಗಡಗಡ ಅಲುಗಾಡಿ ನಿಲ್ಲದೇ ಇದ್ದರೆ ವೇಗ ಕಡಿಮೆ ಮಾಡಿ ಪಕ್ಕಕ್ಕೆ ನಿಲ್ಲಿಸಿ, ಅಡ್ಡ ರಾಡ್ ಬುಷ್, ಟೈ ರಾಡ್ ಎಂಡ್, ಬೇರಿಂಗ್ ಒಂದೊಂದಾಗಿ ನೋಡಿಸುವವರೆಗೆ ಹೆದ್ದಾರಿಗೆ ಹೋಗಬೇಡಿ. ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್‌ನ ಅಲುಗಾಟ ತಡೆಯುವ ಚಿಕ್ಕ ಶಾಕ್) ಒಂದನ್ನು ಬದಲಾಯಿಸಿ ಕಳಿಸುವುದು ರೋಗ ಮುಚ್ಚಿಡುವ ಕೆಲಸ.

ಚಾಮುಂಡಿ ಬೆಟ್ಟ ಇಳಿಯುವಾಗ ಬ್ರೇಕಿನ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಮೊದಲು ಮೂರನೇ ಗೇರಿನಲ್ಲಿ ಇಳಿಯುತ್ತಿದ್ದ ಕಡೆ ಈಗ ಎರಡಕ್ಕೆ ಹಾಕಿ.

ಎತ್ತಿದ ಗಾಡಿ ವಾಲುವುದು ಜಾಸ್ತಿ. ಭಾರ ಮೇಲೆ ಹೋಯಿತು, ಚಕ್ರಗಳ ನಡುವಿನ ಅಗಲ ಅಷ್ಟೇ ಇದೆ. ಮಂಡ್ಯ ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಓಡಾಟ ನಾಲೆ ಏರಿ ಮೇಲೆ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಅದು ಎತ್ತಿಸಿದ ಗಾಡಿಯ ವಿಷಯ ಅಲ್ಲ. ಆದರೆ ಆ ಏರಿಯ ಮೇಲೆ ಗಾಡಿಗೆ ಎಷ್ಟು ಕಡಿಮೆ ಜಾಗ ಇರುತ್ತದೆ ಅನ್ನುವುದು ಅವತ್ತಿನಿಂದ ಈ ಕಡೆಯ ಎಲ್ಲರಿಗೂ ಗೊತ್ತು. ಎತ್ತಿಸಿದ ಗಾಡಿಯಲ್ಲಿ ಏರಿಯ ಅಂಚಿಗೆ ಚಕ್ರ ಇಳಿಸಿ ಎದುರಿನವರಿಗೆ ದಾರಿ ಬಿಡಬೇಡಿ. ಹಿಂದಕ್ಕೆ ಹೋಗಿ, ಅಗಲ ಇರುವಲ್ಲಿ ನಿಂತು ಬಿಡಿ. ಮೇಲಿನ ಕ್ಯಾರಿಯರ್‌ಗೆ ಭಾರ ಹೇರಬೇಡಿ.

ಕಾಗದದ ವಿಷಯ

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿತು. ದುಡ್ಡು ಕೊಡುವ ಮುಂಚೆಯೇ ಆರ್‌ಟಿಓ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿ ಉತ್ತರ ಇಟ್ಟುಕೊಳ್ಳಿ. ಅಪಘಾತ ಆದ ಮೇಲೆ ಹೇಳಿದರೆ ಕ್ಲೇಮ್ ಸಿಗುವುದು ಕಷ್ಟ. ಕಂಪನಿ ವಾರಂಟಿ ಇರುವ ಹೊಸ ಗಾಡಿಯಾದರೆ ಅದು ಮುಗಿಯುವವರೆಗೆ ಕಾಯಿರಿ ಅಂತಲೇ ನನ್ನ ಸಲಹೆ.

ಆಮೇಲಿನ ತಪಾಸಣೆ

100 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟ್ ಮತ್ತೆ ಬಿಗಿಸಿ, 500ಕ್ಕೆ ಇನ್ನೊಮ್ಮೆ. ಹೊಸ ಸ್ಪ್ರಿಂಗ್ ಕೆಲವು ವಾರದಲ್ಲಿ ಸ್ವಲ್ಪ ಕೂರುತ್ತದೆ, ಆಗ ಫೆಂಡರ್ ಅಳತೆ ಮತ್ತೆ ತೆಗೆದು ಮೊದಲಿನದರ ಪಕ್ಕದಲ್ಲಿ ಬರೆಯಿರಿ. ಮೊದಲ ತಿಂಗಳು ವಾರಕ್ಕೊಮ್ಮೆ ಟೈರಿನ ಮೇಲೆ ಅಂಗೈ ಆಡಿಸಿ. ಒಳಗಿನಿಂದ ಹೊರಕ್ಕೆ ನುಣುಪು, ಹೊರಗಿನಿಂದ ಒಳಕ್ಕೆ ಒರಟು ಅನಿಸಿದರೆ ಅಲೈನ್‌ಮೆಂಟ್ ತಪ್ಪಿದೆ. ಕೆಸರಿಗೆ ಹೋಗಿ ಬಂದ ಪ್ರತಿ ಸಲ ಗಾಡಿ ತೊಳೆದು ಬೂಟ್, ಶಾಕ್, ಹೋಸ್ ನೋಡಿ.

ಸದ್ಯ ನನ್ನ ಗಾಡಿಯಲ್ಲಿ ಇರುವುದು ಒಂದು ಇಂಚಿಗೆ ಸ್ವಲ್ಪ ಮೇಲಿನ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್, ಉದ್ದ ಹೊಂದಿಸಿದ ಅಡ್ಡ ರಾಡ್, 215/75 ಟೈರು. ಎರಡು ಇಂಚಿನ ಸ್ಪ್ರಿಂಗ್ ಬಿಚ್ಚಿಸಿ ಇಟ್ಟಿದ್ದೇನೆ. ಭಾಮೈದನ ಗದ್ದೆಗೆ ಮೊನ್ನೆ ಮಳೆಯಲ್ಲಿ ಹೋಗಿ ಬಂದೆ, ಗರಸು ಹಾಕಿದ ಜಾಡಿನಲ್ಲಿ ಹೌಸಿಂಗ್ ಎಲ್ಲೂ ತಗಲಲಿಲ್ಲ.